ಮನೆಯ ನೆಲಕ್ಕೆ ಯಾವ ಕಲ್ಲು ಹಾಕಿಸಿದರೆ ಪರಿಸರಕ್ಕೆ ಒಳ್ಳೆಯದು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಉತ್ತರ ಚಿಕ್ಕದು. ಹತ್ತಿರದ ಕ್ವಾರಿಯಲ್ಲಿ ಸಿಗುವ, ಜಾಸ್ತಿ ಪಾಲಿಶ್ ಬೇಡದ ಗಟ್ಟಿ ಕಲ್ಲು ಹಾಕಿಸಿ. ಹಳೇ ಮನೆ ಬಿಚ್ಚುವಾಗ ತೆಗೆದ ಚಪ್ಪಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಇಷ್ಟು ಹೇಳಿದ ಕೂಡಲೇ ಒಂದು ಮಾತು ಬಂದೇ ಬರುತ್ತದೆ: "ಕಲ್ಲು ಭೂಮಿಯಲ್ಲೇ ಹುಟ್ಟಿದ್ದಲ್ವಾ? ಯಾವುದು ಹಾಕಿದರೇನು?" ದಯವಿಟ್ಟು ಈ ನಂಬಿಕೆ ಬಿಡಿ. ಕಲ್ಲನ್ನು ಭೂಮಿ ಕೊಟ್ಟಿತು, ನಿಜ. ಅದನ್ನು ಸೀಳಿ, ಕೊಯ್ದು, ಉಜ್ಜಿ, ಹೊತ್ತು ತರುವವರು ನಾವು. ಖರ್ಚೆಲ್ಲ ಇರುವುದು ಅಲ್ಲೇ.

ಮೊದಲು ತೂಕ ನೋಡಿ. 2 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಒಂದು ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ. 1000 ಚದರ ಅಡಿ ಮನೆಗೆ 5 ಟನ್ ಆಯಿತು. ಬಣ್ಣ ಚೆನ್ನಾಗಿದೆ ಅಂತ ಇಷ್ಟು ಭಾರವನ್ನು ಲಾರಿಯಲ್ಲಿ ಸಾವಿರಾರು ಕಿಲೋಮೀಟರ್ ದೂರದಿಂದ ತರಿಸಿದರೆ, ಸುಟ್ಟ ಡೀಸೆಲ್ ಯಾರ ಲೆಕ್ಕಕ್ಕೆ?

ಆಮೇಲೆ ಕೊಯ್ಯುವ ಕೆಲಸ. ಗ್ರಾನೈಟ್ ದಿಮ್ಮಿಯನ್ನು ವಜ್ರದ ಹಲ್ಲಿನ ಗರಗಸದಲ್ಲಿ, ನೀರು ಹರಿಸುತ್ತಾ ಕೊಯ್ಯುತ್ತಾರೆ. ಪ್ರತಿ ಸಲವೂ ಒಂದಿಷ್ಟು ಕಲ್ಲು ಕೆಸರಾಗಿ ಹೋಗುತ್ತದೆ. ಸ್ಲೇಟ್ ಹಾಗಲ್ಲ, ಪದರ ಪದರವಾಗಿ ಉಳಿಯಲ್ಲೇ ಬಿಡಿಸಬಹುದು. ಪದರವಿರುವ ಕೆಲವು ಸುಣ್ಣಕಲ್ಲುಗಳೂ ಹಾಗೇ.

ಯಾರೂ ಗಮನಿಸದೇ ಇರುವುದು ಕಲ್ಲಿನ ಕೆಳಗಿರುವ ಗಾರೆ. ಅದೇ 1000 ಚದರ ಅಡಿಗೆ 4 ಸೆಂಟಿಮೀಟರ್ ಸಿಮೆಂಟ್ ಗಾರೆ ಹಾಸಿದರೆ ಅದು ಸುಮಾರು 7 ಟನ್, ಕಲ್ಲಿಗಿಂತಲೇ ಭಾರ! ಸಿಮೆಂಟ್ ಆಗಬೇಕಾದರೆ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಉರಿಯ ಹೊಗೆ ಒಂದು ಕಡೆಯಾದರೆ, ಬೇಯುವ ಸುಣ್ಣಕಲ್ಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹಾಗಾಗಿ ಕೆಳಗಿನ ಕಾಂಕ್ರೀಟ್ ಮಟ್ಟವಾಗಿದ್ದು, ಚಪ್ಪಡಿಗಳ ದಪ್ಪವೂ ಒಂದೇ ಸಮ ಇದ್ದರೆ, ತೆಳುವಾಗಿ ಅಂಟು ಬಳಿದು ಕೂರಿಸಲು ಆಗುತ್ತದಾ ಅಂತ ಮೇಸ್ತ್ರಿಯನ್ನು ಕೇಳಿ. ಬಣ್ಣದ ಬಗ್ಗೆ ಹತ್ತು ಸಲ ಕೇಳುವವರು ಇದನ್ನು ಒಂದು ಸಲವೂ ಕೇಳುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳುತ್ತೇನೆ: ನೆಲವನ್ನು ಯಾವುದರಲ್ಲಿ ಒರೆಸುತ್ತೀರಿ? ಮಾರ್ಬಲ್ ಮತ್ತು ಸುಣ್ಣಕಲ್ಲು ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದರೆ ಹೊಳಪು ಹೋಗುತ್ತದೆ. ಕಲೆಯಾಯಿತು ಅಂತ ಹತ್ತೇ ವರ್ಷಕ್ಕೆ ಕಿತ್ತುಹಾಕಿದರೆ ಅಷ್ಟು ಭಾರ ಹೊತ್ತು ತಂದದ್ದೆಲ್ಲ ದಂಡ. ಕೊಳ್ಳುವ ಮೊದಲೇ ಒಂದು ತುಂಡು ಕೇಳಿ ತನ್ನಿ. ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಕಾಯಿರಿ. ಒರೆಸಿದ ಮೇಲೆ ಮಂಕು ಗುರುತು ಉಳಿದರೆ ಅಡುಗೆಮನೆಗೆ ಅದು ಬೇಡ. ಆ ತುಂಡನ್ನು ಎಸೆಯಬೇಡಿ. ನೆಲ ಒರೆಸಲು ಹೊಸದೇನಾದರೂ ತಂದಾಗ ಮೊದಲು ಅದರ ಮೇಲೆ ಹಚ್ಚಿ ನೋಡಿ.