ಹ್ಯಾಚಿನ ಮೂಲೆಯಲ್ಲಿ ಹುಟ್ಟಿದ ಬಿರುಕು

ಸರಕು ಹಡಗಿನ ತಪಾಸಣೆಗೆ ಹೋದಾಗ ನನ್ನ ಟಾರ್ಚಿನ ಬೆಳಕು ಮೊದಲು ಬೀಳುವುದು ಹ್ಯಾಚಿನ ನಾಲ್ಕು ಮೂಲೆಗಳ ಮೇಲೆ. ಸರಕು ಇಳಿಸಲು ಡೆಕ್ಕಿನಲ್ಲಿ ಬಿಟ್ಟಿರುವ ಆ ದೊಡ್ಡ ಬಾಯಿಯ ಮೂಲೆಗಳನ್ನು ಈಗ ದುಂಡಗೆ ಮಾಡಿರುತ್ತಾರೆ. ಅದು ಅಂದಕ್ಕಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಕಟ್ಟಿದ 'ಲಿಬರ್ಟಿ' ಎಂಬ ಸರಕು ಹಡಗುಗಳಲ್ಲಿ ಆ ಮೂಲೆ ಚೌಕವಾಗಿತ್ತು.

ಲಿಬರ್ಟಿಯ ಮೂಲ ವಿನ್ಯಾಸ ಬ್ರಿಟಿಷರದು. 1940ರ ಕೊನೆಯಲ್ಲಿ ಅವರು ಅಮೆರಿಕದಲ್ಲಿ 60 'ಓಷನ್' ಹಡಗುಗಳನ್ನು ಕಟ್ಟಲು ಹೇಳಿದರು: ಕಲ್ಲಿದ್ದಲಿನ ಬಾಯ್ಲರ್, ಹಳೆಯ ಮಾದರಿಯ ಉಗಿ ಎಂಜಿನ್, ಗಂಟೆಗೆ 11 ನಾಟಿಕಲ್ ಮೈಲಿ ವೇಗ. ಅದೇ ವಿನ್ಯಾಸವನ್ನು ಕೆನಡಾದವರು ಉಕ್ಕಿನ ತಗಡುಗಳಿಗೆ ರಿವೆಟ್ ಎಂಬ ಮೊಳೆ ಹೊಡೆದು ಜೋಡಿಸಿ ಕಟ್ಟಿದರು. ಅವು 'ಫೋರ್ಟ್' ಹಡಗುಗಳು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಸ್ಫೋಟಿಸಿದ ಫೋರ್ಟ್ ಸ್ಟಿಕೀನ್ ಇದೇ ಬಳಗದ್ದು. ಅಮೆರಿಕನ್ನರು ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಬಾಯ್ಲರ್ ಇಟ್ಟು, ಒಡಲನ್ನು ವೆಲ್ಡಿಂಗ್‌ನಿಂದ ಬೆಸೆದು 2,700ಕ್ಕೂ ಹೆಚ್ಚು ಲಿಬರ್ಟಿಗಳನ್ನು ಕಟ್ಟಿದರು. ರಾಬರ್ಟ್ ಇ. ಪಿಯರಿ ಎಂಬ ಹಡಗು ಐದು ದಿನ ತುಂಬುವ ಮೊದಲೇ ನೀರಿಗಿಳಿಯಿತು.

ಆ ಹಳೆಯ ಎಂಜಿನ್ನನ್ನು ಹಗುರವಾಗಿ ಕಾಣುವುದನ್ನು ನಾನು ಒಪ್ಪುವುದಿಲ್ಲ. ಟರ್ಬೈನುಗಳೂ ಗೇರುಗಳೂ ಯುದ್ಧನೌಕೆಗಳಿಗೇ ಸಾಲದಾಗಿದ್ದ ಹೊತ್ತಿನಲ್ಲಿ, ಸಾಧಾರಣ ಕಾರ್ಖಾನೆಯೂ ಮಾಡಬಲ್ಲ ಎಂಜಿನ್ ಆರಿಸಿದ್ದು ಬಹಳ ಬುದ್ಧಿವಂತ ತೀರ್ಮಾನ.

ಪೆಟ್ಟು ಬಿದ್ದದ್ದು ಒಡಲಿಗೆ. ರಿವೆಟ್ ಹಡಗಿನಲ್ಲಿ ಒಂದು ತಗಡು ಸೀಳಿದರೆ ಬಿರುಕು ಸಾಮಾನ್ಯವಾಗಿ ಅದರ ಅಂಚಿಗೆ ಬಂದು ನಿಲ್ಲುತ್ತದೆ. ಬೆಸೆದ ಹಡಗಿನಲ್ಲಿ ಅಂಚೇ ಇಲ್ಲ, ಇಡೀ ಒಡಲು ಒಂದೇ ತಗಡು. ಚೌಕ ಮೂಲೆಯಲ್ಲಿ ಒತ್ತಡ ಒಟ್ಟುಗೂಡಿ ಹುಟ್ಟಿದ ಬಿರುಕು ಕ್ಷಣದಲ್ಲಿ ಡೆಕ್ ದಾಟಿ ಪಕ್ಕೆಗೆ ಇಳಿಯುತ್ತಿತ್ತು. 1943ರ ನವೆಂಬರಿನಲ್ಲಿ ಜಾನ್ ಪಿ. ಗೇನ್ಸ್ ಎಂಬ ಲಿಬರ್ಟಿ ಎರಡು ತುಂಡಾಗಿ ಹತ್ತು ಮಂದಿ ಸತ್ತರು. ಬೆಸುಗೆಗಾರರನ್ನು ದೂರಿದವರೇ ಹೆಚ್ಚು. ಆದರೆ ಕೇಂಬ್ರಿಜ್‌ನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪರ್ ತೋರಿಸಿಕೊಟ್ಟದ್ದು ಬೇರೆ: ಆ ಉಕ್ಕೇ ಚಳಿಯಲ್ಲಿ ಬಾಗುವ ಗುಣ ಕಳೆದುಕೊಂಡು ಗಾಜಿನಂತೆ ಸಿಡಿಯುತ್ತಿತ್ತು.

ಲಿಬರ್ಟಿಗಳ ನಂತರ 1944ರಲ್ಲಿ ಬಂದ 'ವಿಕ್ಟರಿ' ಸರಕು ಹಡಗುಗಳನ್ನು ಹೊಗಳುವವರು ಅವುಗಳ ಟರ್ಬೈನನ್ನೂ ಗಂಟೆಗೆ 15ರಿಂದ 17 ನಾಟಿಕಲ್ ಮೈಲಿ ವೇಗವನ್ನೂ ಹೇಳುತ್ತಾರೆ. ನನ್ನ ಕಣ್ಣು ಹೋಗುವುದು ಒಡಲಿನ ಪಕ್ಕೆಲುಬುಗಳಿಗೆ. ಅವುಗಳ ನಡುವಿನ ಅಂತರವನ್ನು 30 ಅಂಗುಲದಿಂದ 36ಕ್ಕೆ ಹೆಚ್ಚಿಸಿದ್ದರು, ಒಡಲು ಅಲೆಯೊಂದಿಗೆ ತುಸು ಬಾಗಲಿ ಎಂದು. ಲಿಬರ್ಟಿಗಳಿಗಾದರೋ ಹ್ಯಾಚಿನ ಮೂಲೆ ದುಂಡಗೆ ಮಾಡಿ, ಡೆಕ್ಕಿನ ಅಂಚಿನುದ್ದಕ್ಕೂ ಒಡಲನ್ನು ಸೀಳಿ, ಆ ಸೀಳಿನ ಮೇಲೆ ಪಟ್ಟಿ ಇಟ್ಟು ರಿವೆಟ್ ಹೊಡೆದರು. ಓಡುವ ಬಿರುಕಿಗೆ ಮತ್ತೆ ಒಂದು ಅಂಚು ಸಿಕ್ಕಿತು.

ಇಂದಿನ ಉಕ್ಕು ಎಷ್ಟೋ ಮೇಲು. ಆದರೂ ಮೂಲೆಯ ಬಣ್ಣದಡಿಯಿಂದ ಕೂದಲೆಳೆಯಷ್ಟು ತುಕ್ಕಿನ ಗೆರೆ ಇಳಿದಿದ್ದರೆ, ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಬಣ್ಣ ಕೆರೆಸಿ ನೋಡುವ ತನಕ ನಾನು ಸಹಿ ಹಾಕುವುದಿಲ್ಲ.