ಎರಡು ಬೀಗವೋ, ಎರಡು ಬಾಗಿಲೋ?

ಕೆಲವು ವರ್ಷಗಳ ಹಿಂದೆ ಒಂದು ಶಿಕ್ಷಣ ಸಂಸ್ಥೆಯ ಆಂತರಿಕ ಜಾಲತಾಣವನ್ನು ಪರಿಶೀಲಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂಕಪಟ್ಟಿಗಳ ಕರಡು, ಸಿಬ್ಬಂದಿಯ ವೇತನದ ವಿವರ ಮೊದಲಾದ ಕಡತಗಳೆಲ್ಲ ಒಂದೇ ವೆಬ್ ಸರ್ವರ್‌ನಲ್ಲಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದ ಯುವಕ, ‘ನಮ್ಮಲ್ಲಿ ಎರಡು ಹಂತದ ರಕ್ಷಣೆ ಇದೆ ಸರ್, ಕ್ಯಾಂಪಸ್ಸಿನ ಐಪಿ ವಿಳಾಸವೂ ಬೇಕು, ಪಾಸ್‌ವರ್ಡೂ ಬೇಕು’ ಎಂದು ಭರವಸೆಯಿಂದಲೇ ಹೇಳಿದರು. ಸರ್ವರ್‌ನ ನಿಯಮಗಳನ್ನು ಬರೆದಿಡುವ ಕಾನ್ಫಿಗರೇಶನ್ ಕಡತದಲ್ಲಿ ಆ ಎರಡೂ ಷರತ್ತುಗಳ ಸಾಲುಗಳು ಒಂದರ ಕೆಳಗೊಂದು ಇದ್ದವು. ನಾನು ಮೊಬೈಲ್ ಡೇಟಾದಿಂದ ಆ ಪುಟವನ್ನು ತೆರೆದು ಪಾಸ್‌ವರ್ಡ್ ಕೊಟ್ಟೆ, ಪುಟ ತೆರೆಯಿತು. ಬ್ರೌಸರ್ ಮುಚ್ಚಿ, ಕ್ಯಾಂಪಸ್ಸಿನ ವೈಫೈಗೆ ಸೇರಿಕೊಂಡು ಮತ್ತೆ ತೆರೆದೆ. ಈ ಸಲ ಪಾಸ್‌ವರ್ಡನ್ನು ಕೇಳಲೇ ಇಲ್ಲ. ಅವರು ಒಂದು ಬಾಗಿಲಿಗೆ ಎರಡು ಬೀಗ ಹಾಕಿದ್ದೇವೆಂದು ತಿಳಿದಿದ್ದರು, ಆದರೆ ಅಲ್ಲಿದ್ದದ್ದು ಒಂದೊಂದು ಬೀಗದ ಎರಡು ಬಾಗಿಲು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಸರ್ವರ್ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ 2.2ನೇ ಆವೃತ್ತಿಯಿಂದ 2.4ಕ್ಕೆ ಏರಿತ್ತು. ಹಳೆಯ ಆವೃತ್ತಿಯಲ್ಲಿ ವಿಳಾಸದ ನಿಯಮವನ್ನು ‘ಅಲೋ ಫ್ರಮ್’ ಎಂದೂ ಬಳಕೆದಾರರ ನಿಯಮವನ್ನು ‘ರಿಕ್ವೈರ್ ವ್ಯಾಲಿಡ್-ಯೂಸರ್’ ಎಂದೂ ಬರೆಯುತ್ತಿದ್ದೆವು. ಇವೆರಡರ ನಡುವಿನ ಸಂಬಂಧವನ್ನು ‘ಸ್ಯಾಟಿಸ್ಫೈ’ ಎಂಬ ಮೂರನೆಯ ಸಾಲು ನಿರ್ಧರಿಸುತ್ತಿತ್ತು, ಆ ಸಾಲನ್ನು ಬರೆಯದೆ ಬಿಟ್ಟರೆ ಎರಡೂ ಬೇಕೆಂದೇ ಅರ್ಥವಾಗುತ್ತಿತ್ತು. 2012ರ ಫೆಬ್ರವರಿಯಲ್ಲಿ ಬಂದ 2.4ನೇ ಆವೃತ್ತಿಯಲ್ಲಿ ವಿಳಾಸದ ನಿಯಮವೂ ‘ರಿಕ್ವೈರ್ ಐಪಿ’ ಎಂಬ ರೂಪ ತಾಳಿ ಅದೇ ಕುಟುಂಬಕ್ಕೆ ಸೇರಿಕೊಂಡಿತು. ಆವರಣವಿಲ್ಲದೆ ಒಟ್ಟಿಗೆ ಬರೆದ ರಿಕ್ವೈರ್ ಸಾಲುಗಳಲ್ಲಿ ಯಾವುದಾದರೊಂದು ಈಡೇರಿದರೆ ಸಾಕೆಂದು ಹೊಸ ಅಪಾಚೆ ತಿಳಿಯುತ್ತದೆ. ಎಲ್ಲವೂ ಬೇಕೆಂದರೆ ಅವನ್ನು ‘ರಿಕ್ವೈರ್‌ಆಲ್’ ಎಂಬ ಆವರಣದೊಳಗೆ ಇಡಬೇಕು. ಹಳೆಯ ಸಾಲುಗಳನ್ನು ಹೊಸ ರೂಪಕ್ಕೆ ಒಂದೊಂದಾಗಿ ಬದಲಿಸಿದವರು ಯಾವ ಸಾಲನ್ನೂ ತಪ್ಪಾಗಿ ಬರೆದಿರಲಿಲ್ಲ. ಆದರೂ ‘ಮತ್ತು’ ಹೋಗಿ ‘ಅಥವಾ’ ಬಂದಿತ್ತು, ಸರ್ವರ್ ಯಾವ ದೋಷಸಂದೇಶವನ್ನೂ ಕೊಡಲಿಲ್ಲ.

ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ತಂತ್ರಾಂಶವನ್ನು ಬಳಸುವವರಿಗೆ ಇದು ಇನ್ನಷ್ಟು ಗೊಂದಲ ತರುತ್ತದೆ, ಏಕೆಂದರೆ ಅಲ್ಲಿ ‘ಸ್ಯಾಟಿಸ್ಫೈ’ ಎಂಬ ಪದ ಇಂದಿಗೂ ಬಳಕೆಯಲ್ಲಿದೆ ಮತ್ತು ಬೇರೇನೂ ಹೇಳದಿದ್ದರೆ ಅದು ಎಲ್ಲವೂ ಬೇಕೆಂದೇ ಭಾವಿಸುತ್ತದೆ. ಎರಡೂ ಸರ್ವರ್‌ಗಳನ್ನು ನಿರ್ವಹಿಸುವ ಒಬ್ಬರೇ ಎಂಜಿನಿಯರ್ ಬೆಳಿಗ್ಗೆ ಒಂದರಲ್ಲಿ ಕಲಿತದ್ದನ್ನು ಸಂಜೆ ಇನ್ನೊಂದಕ್ಕೆ ಅನ್ವಯಿಸಿದರೆ ಫಲ ತಿರುಗುಮುರುಗಾಗುತ್ತದೆ. ಹೀಗಾಗಿ ನಾನು ಈಗ ಬೇಡವೆನಿಸಿದರೂ ಆ ಆವರಣವನ್ನು ಬರೆದೇ ಇಡುತ್ತೇನೆ. ಅಪಾಚೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಮೇಲಿನ ಡೈರೆಕ್ಟರಿಯಲ್ಲಿ ಎಷ್ಟೇ ಬಿಗಿಯಾದ ನಿಯಮ ಬರೆದಿದ್ದರೂ, ಅದರೊಳಗಿನ ಉಪ ಡೈರೆಕ್ಟರಿಗೆ ಯಾರಾದರೂ ಒಂದೇ ಒಂದು ರಿಕ್ವೈರ್ ಸಾಲು ಬರೆದರೆ ಮೇಲಿನದೆಲ್ಲ ಅಲ್ಲಿಗೆ ಅನ್ವಯಿಸದೆ ಹೋಗುತ್ತದೆ. ‘ಆಥ್‌ಮರ್ಜಿಂಗ್’ ಎಂಬ ಸಾಲಿನಿಂದ ಸ್ಪಷ್ಟವಾಗಿ ಹೇಳಿದರೆ ಮಾತ್ರ ಎರಡೂ ಕೂಡಿಕೊಳ್ಳುತ್ತವೆ.

ಇಷ್ಟಕ್ಕೂ ಐಪಿ ವಿಳಾಸವನ್ನು ದೃಢೀಕರಣವೆಂದು ಕರೆಯುವುದೇ ಅಷ್ಟು ಸರಿಯಲ್ಲ. ಅದು ಬಂದವರು ಎಲ್ಲಿಂದ ಬಂದರೆಂದು ಹೇಳುತ್ತದೆ, ಯಾರೆಂದು ಹೇಳುವುದಿಲ್ಲ. ‘ಅಥವಾ’ ಸಂಬಂಧದಲ್ಲಿ ವಿಳಾಸದ ಬಲದಿಂದ ಒಳಬಂದ ವ್ಯಕ್ತಿಗೆ ಸರ್ವರ್‌ನ ದೃಷ್ಟಿಯಲ್ಲಿ ಹೆಸರೇ ಇರುವುದಿಲ್ಲ. ಹಿಂದಿರುವ ಅಪ್ಲಿಕೇಶನ್ ಬಳಕೆದಾರರ ಹೆಸರನ್ನು ನಿರೀಕ್ಷಿಸುತ್ತಿದ್ದರೆ ಅದಕ್ಕೆ ಖಾಲಿ ಸಿಗುತ್ತದೆ. ಇದರಿಂದ ತನಿಖೆಗೆ ಒಂದು ಅನುಕೂಲವೂ ಉಂಟು. ಪ್ರತಿ ಕೋರಿಕೆಯೂ ದಾಖಲಾಗುವ ಪ್ರವೇಶದ ಲಾಗ್‌ನಲ್ಲಿ ಬಳಕೆದಾರರ ಹೆಸರಿರಬೇಕಾದ ಮೂರನೆಯ ಅಂಕಣದಲ್ಲಿ ಬರೀ ಅಡ್ಡಗೆರೆ ಇದ್ದು, ಅದೇ ಸಾಲಿನಲ್ಲಿ 200 ಎಂಬ ಯಶಸ್ಸಿನ ಸಂಕೇತವಿದ್ದರೆ, ಯಾರೋ ಹೆಸರು ಹೇಳದೆ ಒಳಗೆ ಬಂದಿದ್ದಾರೆಂದೇ ಅರ್ಥ. ಆ ಸಂಸ್ಥೆಯ ಲಾಗ್‌ನಲ್ಲಿ ಅಂಥ ಸಾಲುಗಳು ತಿಂಗಳುಗಟ್ಟಲೆ ಸೇರಿಕೊಂಡಿದ್ದವು.

ವಿಳಾಸದ ನಿಯಮ ರಿವರ್ಸ್ ಪ್ರಾಕ್ಸಿಯ, ಅಂದರೆ ಕೋರಿಕೆಗಳನ್ನು ಮೊದಲು ಪಡೆದು ಸರ್ವರ್‌ಗೆ ದಾಟಿಸುವ ಮಧ್ಯವರ್ತಿಯ, ಹಿಂದೆ ಸೇರಿದಾಗ ಸಂಗತಿ ಇನ್ನೂ ಹದಗೆಡುತ್ತದೆ. ಅದೇ ಯಂತ್ರದಲ್ಲಿ ಮುಂದೊಂದು ಪ್ರಾಕ್ಸಿಯನ್ನು ನಿಲ್ಲಿಸಿದರೆ, ಜಗತ್ತಿನ ಯಾವ ಮೂಲೆಯಿಂದ ಬಂದ ಕೋರಿಕೆಯೂ ಹಿಂದಿನ ಸರ್ವರ್‌ಗೆ 127.0.0.1ರಿಂದ, ಅಂದರೆ ಆ ಯಂತ್ರದಿಂದಲೇ, ಬಂದಂತೆ ಕಾಣುತ್ತದೆ, ಮತ್ತು ಒಳಗಿನವರಿಗೆ ಮಾತ್ರ ಎಂದು ಬರೆದ ನಿಯಮ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ನಿಜವಾದ ವಿಳಾಸವನ್ನು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಹೆಡರ್‌ನಿಂದ (ಕೋರಿಕೆಯ ಜೊತೆಗೆ ಬರುವ ಮಾಹಿತಿಯ ಸಾಲು) ಪಡೆಯಲು ಅಪಾಚೆಯಲ್ಲಿ ‘ಮಾಡ್-ರಿಮೋಟ್‌ಐಪಿ’, ಎಂಜಿನ್‌ಎಕ್ಸ್‌ನಲ್ಲಿ ‘ಸೆಟ್-ರಿಯಲ್-ಐಪಿ-ಫ್ರಮ್’ ಇವೆ. ಆದರೆ ಆ ಹೆಡರನ್ನು ಯಾರು ಬೇಕಾದರೂ ಬರೆದು ಕಳುಹಿಸಬಹುದಾದ್ದರಿಂದ, ನಮ್ಮದೇ ಪ್ರಾಕ್ಸಿಯ ವಿಳಾಸದಿಂದ ಬಂದಾಗ ಮಾತ್ರ ಅದನ್ನು ನಂಬಬೇಕೆಂದು ಹೆಸರಿಸಿ ಹೇಳಬೇಕು. ಈ ಒಂದು ಸಾಲನ್ನು ಬಿಟ್ಟ ಕಾನ್ಫಿಗರೇಶನ್‌ಗಳನ್ನು ನಾನು ಎಣಿಸುವುದನ್ನೇ ನಿಲ್ಲಿಸಿದ್ದೇನೆ.

ಇನ್ನು ಪಾಸ್‌ವರ್ಡ್‌ಗಳ ವಿಷಯ. ಬಹುಪಾಲು ಸಂಸ್ಥೆಗಳಲ್ಲಿ ಸಿಬ್ಬಂದಿಯ ಖಾತೆಗಳು ಎಲ್‌ಡ್ಯಾಪ್ ಎಂಬ ಕೇಂದ್ರೀಯ ಬಳಕೆದಾರರ ಕೋಶದಲ್ಲಿರುತ್ತವೆ, ಹೊರಗಿನ ಗುತ್ತಿಗೆದಾರರಿಗೆಂದು ಸರ್ವರ್‌ನಲ್ಲೇ ಒಂದು ಪಾಸ್‌ವರ್ಡ್ ಕಡತ ಇರುತ್ತದೆ. ಅಪಾಚೆಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಕ್ರಮವಾಗಿ ಹೆಸರಿಸಬಹುದು. ಮೊದಲನೆಯದರಲ್ಲಿ ಸಿಗದಿದ್ದರೆ ಎರಡನೆಯದನ್ನು ನೋಡುತ್ತದೆಂದು ಎಲ್ಲರೂ ಹೇಳುತ್ತಾರೆ, ಆದರೆ ಏನು ಸಿಗದಿದ್ದರೆ ಎಂಬುದೇ ಇಲ್ಲಿ ಮುಖ್ಯ. ಮೊದಲ ಮೂಲದಲ್ಲಿ ಆ ಹೆಸರಿನ ಬಳಕೆದಾರರೇ ಇಲ್ಲದಿದ್ದರೆ ಮಾತ್ರ ಹುಡುಕಾಟ ಮುಂದುವರಿಯುತ್ತದೆ. ಹೆಸರಿದ್ದು ಪಾಸ್‌ವರ್ಡ್ ತಾಳೆಯಾಗದಿದ್ದರೆ ಅಲ್ಲಿಗೇ ನಿರಾಕರಣೆ. ಹೀಗಾಗಿ ಕಡತವನ್ನು ಮೊದಲು ಹೆಸರಿಸಿದ್ದು, ಅದರಲ್ಲಿ ಯಾರದೋ ಹಳೆಯ ಪಾಸ್‌ವರ್ಡ್ ಉಳಿದುಬಿಟ್ಟಿದ್ದರೆ, ಅವರು ಎಲ್‌ಡ್ಯಾಪ್‌ನ ಸರಿಯಾದ ಪಾಸ್‌ವರ್ಡನ್ನು ಎಷ್ಟು ಸಲ ಕೊಟ್ಟರೂ ಒಳಗೆ ಹೋಗಲಾರರು. ಇದರ ಇನ್ನೊಂದು ಮುಖ ಹೆಚ್ಚು ಅಪಾಯಕಾರಿಯಾದದ್ದು. ಕೆಲಸ ಬಿಟ್ಟು ಹೋದವರ ಖಾತೆಯನ್ನು ಎಲ್‌ಡ್ಯಾಪ್‌ನಿಂದ ತೆಗೆದ ಮೇಲೂ ಕಡತದಲ್ಲಿರುವ ಹಳೆಯ ಸಾಲು ಅವರಿಗಾಗಿ ಕಾದಿರುತ್ತದೆ.

ಎಲ್‌ಡ್ಯಾಪ್ ಸರ್ವರ್ ನಿಂತುಹೋದಾಗ ಏನಾಗುತ್ತದೆಂಬುದನ್ನು ಮುಂಚಿತವಾಗಿ ಯೋಚಿಸುವವರು ಕಡಿಮೆ. ಅದನ್ನು ಮೊದಲು ಹೆಸರಿಸಿದ್ದರೆ ಅಪಾಚೆ ‘ಬಳಕೆದಾರರು ಸಿಗಲಿಲ್ಲ’ ಎಂದುಕೊಂಡು ಕಡತದ ಕಡೆಗೆ ಹೋಗುವುದಿಲ್ಲ. ಅದನ್ನು ಆಂತರಿಕ ದೋಷವೆಂದು ಪರಿಗಣಿಸಿ 500 ಎಂಬ ಸಂಕೇತವನ್ನು ಕೊಟ್ಟು ಸುಮ್ಮನಾಗುತ್ತದೆ. ಆದ್ದರಿಂದ ತುರ್ತು ಸಮಯಕ್ಕೆಂದು ಕಡತದಲ್ಲಿ ಒಂದು ಖಾತೆಯನ್ನು ಇಟ್ಟುಕೊಳ್ಳುವವರು ಕಡತವನ್ನೇ ಮೊದಲು ಹೆಸರಿಸಬೇಕು, ಮತ್ತು ಆ ಖಾತೆಗೆ ಎಲ್‌ಡ್ಯಾಪ್‌ನಲ್ಲಿ ಯಾರಿಗೂ ಇಲ್ಲದ ಹೆಸರನ್ನು ಕೊಡಬೇಕು. ಇದರ ಜೊತೆಗೆ, ಅಪಾಚೆ ಎಲ್‌ಡ್ಯಾಪ್‌ನ ಉತ್ತರಗಳನ್ನು ಬೇರೇನೂ ಹೇಳದಿದ್ದರೆ 600 ಸೆಕೆಂಡುಗಳ ಕಾಲ ನೆನಪಿಟ್ಟುಕೊಳ್ಳುತ್ತದೆಂಬುದೂ ತಿಳಿದಿರಲಿ. ಒಬ್ಬರ ಖಾತೆಯನ್ನು ಈಗ ರದ್ದುಮಾಡಿದರೂ ಇನ್ನು ಹತ್ತು ನಿಮಿಷ ಅವರು ಒಳಗಿರಬಹುದು.

ಬೇರೆ ಬೇರೆ ಬಗೆಯ ದೃಢೀಕರಣಗಳನ್ನು ಒಟ್ಟಿಗೆ ಮುಂದಿಡಲು ಬ್ರೌಸರ್ ಮತ್ತು ಸರ್ವರ್ ಮಾತನಾಡುವ ಎಚ್‌ಟಿಟಿಪಿ ನಿಯಮಾವಳಿಯಲ್ಲೇ ಅವಕಾಶವಿದೆ. ಸರ್ವರ್ ಗುರುತು ತೋರಿಸಿ ಎನ್ನುವ ತನ್ನ 401 ಉತ್ತರದಲ್ಲಿ ‘ನೆಗೋಶಿಯೇಟ್’ ಎಂದೂ ‘ಬೇಸಿಕ್’ ಎಂದೂ ಎರಡು ಆಹ್ವಾನಗಳನ್ನು ಕಳುಹಿಸಬಹುದು. ಬ್ರೌಸರ್ ತನಗೆ ತಿಳಿದಿರುವುದರಲ್ಲಿ ಬಲವಾದದ್ದನ್ನು ಆರಿಸಿಕೊಳ್ಳಬೇಕೆಂಬುದು ನಿರೀಕ್ಷೆ. ಕಚೇರಿಯ ಕಂಪ್ಯೂಟರಿನಲ್ಲಿ ಈಗಾಗಲೇ ಲಾಗಿನ್ ಆಗಿರುವವರು ‘ನೆಗೋಶಿಯೇಟ್’ ಬಳಸುವ ಕರ್ಬರೋಸ್ ಎಂಬ ಗುರುತು ವ್ಯವಸ್ಥೆಯ ಟಿಕೆಟ್‌ನಿಂದ ಸದ್ದಿಲ್ಲದೆ ಒಳಬರುತ್ತಾರೆ, ಹೊರಗಿನವರಿಗೆ ಪಾಸ್‌ವರ್ಡಿನ ಪೆಟ್ಟಿಗೆ ಕಾಣಿಸುತ್ತದೆ. ಬಳಸುವವರಿಗೆ ಇದು ಬಹಳ ಹಿತವಾದ ಏರ್ಪಾಡು, ನಾನೂ ಹಲವೆಡೆ ಮಾಡಿಕೊಟ್ಟಿದ್ದೇನೆ. ಆದರೆ ಕರ್ಬರೋಸ್ ಇರುವುದರಿಂದ ಸರ್ವರ್ ಭದ್ರವಾಗಿದೆಯೆಂದು ವರದಿಯಲ್ಲಿ ಬರೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆಯ್ಕೆ ಕೊಟ್ಟ ಮೇಲೆ ಕಳ್ಳ ಬಲವಾದ ಬಾಗಿಲಿನ ಮುಂದೆ ನಿಲ್ಲುವುದಿಲ್ಲ. ಆ ಸರ್ವರ್‌ನ ಭದ್ರತೆಯನ್ನು ಪ್ರತಿ ಕೋರಿಕೆಯಲ್ಲೂ ಪಾಸ್‌ವರ್ಡನ್ನು ಗೂಢಲಿಪಿಯಿಲ್ಲದೆ ಹೊತ್ತೊಯ್ಯುವ ಬೇಸಿಕ್‌ನಿಂದಲೇ ಅಳೆಯಬೇಕು, ಅದಕ್ಕೆ ಸಂಪರ್ಕವನ್ನೇ ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಕಡ್ಡಾಯವಾಗಿರಬೇಕು.

ಬಳಕೆದಾರರ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರಗಳನ್ನು ಪಾಸ್‌ವರ್ಡಿನೊಡನೆ ಕೂಡಿಸುವವರು ‘ಆಪ್ಷನಲ್’ ಎಂಬ ಪದವನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಎಂಜಿನ್‌ಎಕ್ಸ್‌ನಲ್ಲಿ ಬಳಕೆದಾರರ ಪ್ರಮಾಣಪತ್ರವನ್ನು ಐಚ್ಛಿಕವೆಂದು ಗುರುತಿಸಿದರೆ, ಪ್ರಮಾಣಪತ್ರ ಇಲ್ಲದವರ ಸಂಪರ್ಕವೂ ಏರ್ಪಡುತ್ತದೆ. ಪರಿಶೀಲನೆಯ ಫಲ ‘ಸಕ್ಸೆಸ್’ ಎಂದಿದೆಯೇ ಎಂಬುದನ್ನು ಆಮೇಲೆ ನಾವೇ ನೋಡಿ ತಡೆಯಬೇಕು. ಅಲ್ಲದೆ ಆ ಸಾಲನ್ನು ಇಡೀ ಸರ್ವರ್ ಮಟ್ಟದಲ್ಲಿ ಬರೆಯಬಹುದೇ ಹೊರತು ಒಂದು ಮಾರ್ಗಕ್ಕೆ ಮಾತ್ರ ಬರೆಯಲು ಬರುವುದಿಲ್ಲ. ಅಪಾಚೆಯಲ್ಲಿ ಬರೆಯಬಹುದಿತ್ತು, ಏಕೆಂದರೆ ಅದು ಸಂಪರ್ಕದ ನಡುವೆ ಮತ್ತೆ ಮಾತುಕತೆ ನಡೆಸಿ ಪ್ರಮಾಣಪತ್ರ ಕೇಳುತ್ತಿತ್ತು. 2018ರಲ್ಲಿ ಪ್ರಕಟವಾದ ಟಿಎಲ್‌ಎಸ್ 1.3 ಆ ಮರುಮಾತುಕತೆಯನ್ನೇ ತೆಗೆದುಹಾಕಿತು, ಅದಕ್ಕೆ ಬದಲಾಗಿ ಬಂದ ವಿಧಾನವನ್ನು ಎಚ್‌ಟಿಟಿಪಿ/2ರಲ್ಲಿ ಬಳಸುವಂತಿಲ್ಲ. ಪ್ರಮಾಣಪತ್ರ ಬೇಕಾದ ಭಾಗಕ್ಕೆ ಬೇರೆಯದೇ ಹೋಸ್ಟ್ ಹೆಸರು ಕೊಡುವುದು ಈಗ ನನಗೆ ಕಾಣುವ ನೇರವಾದ ದಾರಿ.

ನಿಜವಾದ ‘ಮತ್ತು’ ಬೇಕೆಂದು ಬರುವವರು ಸಾಮಾನ್ಯವಾಗಿ ಕೇಳುವುದು ಪಾಸ್‌ವರ್ಡಿನ ಜೊತೆಗೆ ಒಟಿಪಿ. ಇವೆರಡನ್ನೂ ಬೇಸಿಕ್ ವಿಧಾನದೊಳಗೇ ತುರುಕುವ ಪ್ರಯತ್ನ ಏಕೆ ಸೋಲುತ್ತದೆಂದು ಒಮ್ಮೆ ವಿವರಿಸಬೇಕು. ಬೇಸಿಕ್‌ನಲ್ಲಿ ಸೆಶನ್ ಎಂಬುದಿಲ್ಲ. ಬ್ರೌಸರ್ ಒಮ್ಮೆ ಕೇಳಿದ ಹೆಸರು ಮತ್ತು ಪಾಸ್‌ವರ್ಡನ್ನೇ ಪ್ರತಿ ಚಿತ್ರಕ್ಕೂ ಪ್ರತಿ ಪುಟಕ್ಕೂ ಮತ್ತೆ ಮತ್ತೆ ಕಳುಹಿಸುತ್ತದೆ. ಮೊಬೈಲ್ ಆ್ಯಪ್ ತೋರಿಸುವ ಒಟಿಪಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವುದರಿಂದ, ಪುಟದ ಮೇಲ್ಭಾಗಕ್ಕೆ ಸಲ್ಲುವ ಸಂಖ್ಯೆ ಸ್ವಲ್ಪ ಹೊತ್ತಿನಲ್ಲೇ ಸಲ್ಲದಂತಾಗಿ, ಬಳಕೆದಾರರ ಮುಂದೆ ಮತ್ತೆ ಪೆಟ್ಟಿಗೆ ಬಂದು ನಿಲ್ಲುತ್ತದೆ. ಇದಕ್ಕೆ ಕುಕಿ ಆಧಾರಿತ ಸೆಶನ್ ಇರುವ ಪ್ರತ್ಯೇಕ ಲಾಗಿನ್ ಸೇವೆ ಬೇಕು. ಎಂಜಿನ್‌ಎಕ್ಸ್‌ನ ‘ಆಥ್-ರಿಕ್ವೆಸ್ಟ್’ ಪ್ರತಿ ಕೋರಿಕೆಗೂ ಆ ಸೇವೆಯನ್ನು ಒಳಗಿಂದೊಳಗೇ ವಿಚಾರಿಸುತ್ತದೆ. ಉತ್ತರ 200ರ ಸರಣಿಯದಾದರೆ ಒಳಗೆ ಬಿಡುತ್ತದೆ, 401 ಅಥವಾ 403 ಆದರೆ ತಡೆಯುತ್ತದೆ. ಲಾಗಿನ್ ಸೇವೆ ಹೇಳಿದ ಹೆಸರನ್ನು ಹೆಡರ್‌ನಲ್ಲಿ ಮುಂದಿನ ಅಪ್ಲಿಕೇಶನ್‌ಗೆ ದಾಟಿಸುವಾಗ, ಅದೇ ಹೆಸರಿನ ಹೆಡರನ್ನು ಹೊರಗಿನವರು ಕಳುಹಿಸಿದ್ದರೆ ಅದನ್ನು ಮೊದಲು ಅಳಿಸಬೇಕು. ಪಾಸ್‌ವರ್ಡಿನ ನಂತರ ಇನ್ನೊಂದು ಪಾಸ್‌ವರ್ಡ್ ಕೇಳುವುದು ಎರಡು ಹಂತವಾದೀತು, ಎರಡು ಬಗೆಯ ಸಾಕ್ಷ್ಯವಾಗದು.

ಈ ಲಾಗಿನ್ ಸೇವೆ ಬಂದೊಡನೆ ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟ್‌ಗಳು ನಿಲ್ಲುತ್ತವೆ, ಏಕೆಂದರೆ ಅವು ಒಟಿಪಿ ಓದಲಾರವು. ಆಗ ಅವಕ್ಕಾಗಿ ಅದೇ ಮಾರ್ಗಕ್ಕೆ ಒಂದು ‘ಅಥವಾ’ ಸೇರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಹಾಗೆ ಸೇರಿಸಿದರೆ ಒಟಿಪಿಗಾಗಿ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸ್ಕ್ರಿಪ್ಟ್‌ಗಳಿಗೆ ಬೇರೆ ಮಾರ್ಗ, ಬೇರೆ ಖಾತೆ, ಓದಲು ಮಾತ್ರ ಅನುಮತಿ ಕೊಟ್ಟು, ಅಲ್ಲಿ ವಿಳಾಸ ಮತ್ತು ಪ್ರಮಾಣಪತ್ರ ಎರಡನ್ನೂ ಕೇಳುವುದು ನನ್ನ ಪದ್ಧತಿ.

ಏನನ್ನೇ ಬರೆದರೂ ಪರೀಕ್ಷೆಯನ್ನು ಸರಿಯಾದ ಪಾಸ್‌ವರ್ಡಿನಿಂದ ಒಮ್ಮೆ ಮಾಡಿ ಮುಗಿಸಬಾರದು. ಎರಡು ಷರತ್ತುಗಳಿದ್ದರೆ ನಾಲ್ಕು ಸಂದರ್ಭಗಳು, ಮೂರಿದ್ದರೆ ಎಂಟು. ಪ್ರತಿಯೊಂದಕ್ಕೂ ಬರಬೇಕಾದ ಉತ್ತರವನ್ನು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಬ್ರೌಸರ್ ಇಲ್ಲದೆ ಕೋರಿಕೆ ಕಳುಹಿಸುವ ಕರ್ಲ್ ಎಂಬ ಸಾಧನದಿಂದ ಕೋರಿಕೆ ಕಳುಹಿಸಿ ತಾಳೆ ನೋಡಬೇಕು. ಬ್ರೌಸರ್ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳುವುದರಿಂದ ಈ ಕೆಲಸಕ್ಕೆ ಅದು ನಂಬಿಕೆಗೆ ತಕ್ಕದ್ದಲ್ಲ.

ಆ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕು ಪರೀಕ್ಷೆಗಳಲ್ಲಿ ಎರಡು ತಪ್ಪಾಗಿ ಬಂದವು. ರಿಕ್ವೈರ್‌ಆಲ್ ಆವರಣವನ್ನು ಸೇರಿಸಿ ಸರಿಪಡಿಸಿದ ಮರುದಿನ ಬೆಳಿಗ್ಗೆಯೇ ಲೆಕ್ಕಪತ್ರ ವಿಭಾಗದಿಂದ ಕರೆ ಬಂತು. ಭಾನುವಾರಗಳಂದು ಮನೆಯಿಂದಲೇ ವೇತನಪಟ್ಟಿ ಸಿದ್ಧಪಡಿಸುತ್ತಿದ್ದ ಹಿರಿಯ ಗುಮಾಸ್ತರೊಬ್ಬರಿಗೆ ಇನ್ನು ಮುಂದೆ ಏನು ದಾರಿ ಎಂದು ಅವರು ಕೇಳುತ್ತಿದ್ದರು. ತಪ್ಪಿನಿಂದ ಬಂದಿದ್ದ ‘ಅಥವಾ’ದ ಮೇಲೆ ಆಗಲೇ ಒಂದು ದಿನಚರಿ ಕಟ್ಟಿಕೊಂಡಿತ್ತು. ಯಾವುದು ಬೇಕೆಂಬುದನ್ನು ಸಂಸ್ಥೆಯ ಆಡಳಿತವೇ ಹೇಳಬೇಕಿತ್ತು. ಅವರು ಒಂದು ವಾರ ಚರ್ಚಿಸಿ, ವೇತನಪಟ್ಟಿಗೆ ಎರಡೂ ಷರತ್ತುಗಳನ್ನು ಉಳಿಸಿ, ಗುಮಾಸ್ತರಿಗೆ, ಹೊರಗಿನಿಂದಲೂ ಕ್ಯಾಂಪಸ್ಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಖಾತೆಯೊಂದನ್ನು ಕೊಡಿಸಿದರು.