ಮಂಡಕ್ಕಿ ಭಟ್ಟಿಯ ಬೆಂಕಿ, ಊರಿನ ಹೊಗೆ

ಬೆಳಗಿನ ಜಾವ ಮಂಡಕ್ಕಿ ಭಟ್ಟಿಯೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಮರಳು. ದೊಡ್ಡ ಬಾಣಲೆಯ ತುಂಬ ಹುರಿದು ಹುರಿದು ಕಪ್ಪಾದ ಮರಳು, ಅದರ ಕೆಳಗೆ ಬೆಂಕಿ. ಹುರಿಯುವವರು ಚಿಟಿಕೆ ಅಕ್ಕಿಯನ್ನು ಮರಳಿಗೆ ಎಸೆದು ಒಂದು ಗಳಿಗೆ ನೋಡುತ್ತಾರೆ. ಕಾಳು ತಕ್ಷಣ ಅರಳಿದರೆ ಕಾವು ಸರಿಯಾಗಿದೆ. ತಡವಾದರೆ ಉರಿ ಸಾಲದು. ಕಾಳಿನ ಮೈ ಕಂದಿದರೆ ಉರಿ ಜಾಸ್ತಿಯಾಯಿತು. ನಾನು ನೋಡಿದ ಭಟ್ಟಿಯಲ್ಲಿ ಥರ್ಮಾಮೀಟರ್ ಇರಲಿಲ್ಲ. ಆ ಚಿಟಿಕೆ ಅಕ್ಕಿಯೇ ಎಲ್ಲ ಹೇಳುತ್ತಿತ್ತು. ಆಮೇಲೆ ಅಕ್ಕಿ ಸುರಿದರು, ಚಟಪಟ ಸದ್ದು ಬಂತು, ಕೆಲವೇ ಸೆಕೆಂಡಿನಲ್ಲಿ ಬಾಣಲೆಯೆಲ್ಲ ಬೆಳ್ಳಗಾಯಿತು. ಜರಡಿಗೆ ಎತ್ತಿ ಹಾಕಿ ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ.

ಇಷ್ಟು ನಾಜೂಕಿನ ಕೆಲಸ ನಡೆಯುವ ಜಾಗದ ಕೊಳವೆಯಿಂದಲೇ ಕಪ್ಪು ಹೊಗೆ ಬರುತ್ತದೆ. ನಾವು ಹಿಂದೆ ಇದ್ದ ಬಾಡಿಗೆ ಮನೆ ಭಟ್ಟಿಗಳಿಂದ ದೂರವಿರಲಿಲ್ಲ. ಅಮ್ಮ ತಾರಸಿಯ ಮೇಲೆ ಹಪ್ಪಳ ಒಣಹಾಕಿದರೆ ಮೇಲೊಂದು ಬಿಳಿ ಪಂಚೆ ಹೊದಿಸುತ್ತಿದ್ದರು. ಸಂಜೆ ನೋಡಿದರೆ ಪಂಚೆಯ ಮೇಲೆ ಮಸಿಯ ಸಣ್ಣ ಸಣ್ಣ ಎಳೆಗಳು. ಮುಟ್ಟಿದರೆ ಬೆರಳಿಗೆ ಜಿಡ್ಡು. ಸೌದೆ ಒಲೆಯ ಬೂದಿ ಹಾಗಿರುವುದಿಲ್ಲ, ಊದಿದರೆ ಹಾರಿಹೋಗುತ್ತದೆ. ಈ ಜಿಡ್ಡು ಮಸಿ ನಮ್ಮೂರಿಗೆ ಹೇಗೆ ಬಂತು ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಹತ್ತಿ ಗಿರಣಿಗಳ ಚಿಮಣಿಗಳೇ ಊರಿನ ಗುರುತು. ಆದರೆ ಮಂಡಕ್ಕಿಗೆ ಬೇಕಾದದ್ದು ಹತ್ತಿಯಲ್ಲ, ಭತ್ತ. ಭದ್ರಾ ನಾಲೆಯ ನೀರು ಈ ಸೀಮೆಗೆ ಹರಿದ ಮೇಲೆ ಭತ್ತದ ಗದ್ದೆಗಳು ಹಬ್ಬಿದವು. ಭತ್ತದ ಹಿಂದೆ ರೈಸ್ ಮಿಲ್ಲುಗಳು ಬಂದವು. ಮಿಲ್ಲು ಇದ್ದ ಕಡೆ ಹೊಟ್ಟು ಗುಡ್ಡೆ ಬೀಳುತ್ತದೆ. ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೊಟ್ಟೇ. ಭಟ್ಟಿಗೆ ಅಕ್ಕಿಯೂ ಇಲ್ಲೇ, ಉರುವಲೂ ಇಲ್ಲೇ ಅಂದ ಮೇಲೆ ಕಸುಬು ಬೆಳೆಯದೆ ಇರುತ್ತದೆಯೇ? ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಇಲ್ಲದ ಸಂಜೆ ನಮ್ಮೂರಲ್ಲಿ ಸಂಜೆಯೇ ಅಲ್ಲ ಅನ್ನುವ ಹಾಗಾಯಿತು.

ಮಂಡಕ್ಕಿ ಮಾಡುವುದು ಎರಡು ಬೆಂಕಿಯ ಕೆಲಸ. ಮೊದಲು ಭತ್ತವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಹುರಿದು, ಮಿಲ್ಲು ಮಾಡಿಸುತ್ತಾರೆ. ಇದರಲ್ಲಿ ಕಾಳಿನೊಳಗಿನ ಹಿಟ್ಟು ಬೆಂದು ಗಟ್ಟಿಯಾಗುತ್ತದೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಹದವಾಗಿ ಆರಿಸಿ, ಎರಡನೇ ಸಲ ಕಾದ ಮರಳಿಗೆ ಹಾಕುತ್ತಾರೆ. ಮರಳು ಸುಮಾರು 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಬೇಕು. ಕಾಳಿನೊಳಗೆ ಉಳಿದ ತೇವ ಒಮ್ಮೆಲೇ ಆವಿಯಾಗಿ ಹೊರಗೆ ನುಗ್ಗುತ್ತದೆ, ಕಾಳು ಉಬ್ಬುತ್ತದೆ. ಕಾವು ಕಡಿಮೆಯಾದರೆ ಆವಿ ನಿಧಾನಕ್ಕೆ ಸೋರಿಹೋಗಿ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಒಂದು ಸಲ ಅಕ್ಕಿ ಸುರಿದಾಗ ಮರಳಿನ ಕಾವು ಇಳಿಯುತ್ತದೆ. ಮುಂದಿನ ಸಲ ಸುರಿಯುವಷ್ಟರಲ್ಲಿ ಅದು ಮತ್ತೆ ಏರಿರಬೇಕು. ಭಟ್ಟಿಯವರಿಗೆ ಬೇಕಾದದ್ದು ಈ ಬಿಡುವಿಲ್ಲದ, ಒಂದೇ ಸಮನಾದ ಉರಿ. ಈ ಒಂದು ಮಾತು ಹಿಡಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಹೊಟ್ಟು ಒಳ್ಳೆಯ ಉರುವಲೇ. ಆದರೆ ಸುಮ್ನೆ ಒಂದು ಬುಟ್ಟಿ ಸುರಿದು ಕೂತರೆ ಉರಿಯುವುದಿಲ್ಲ. ಹಗುರ, ಪುಡಿಪುಡಿ. ಒಟ್ಟಿಗೆ ಹಾಕಿದರೆ ಗಾಳಿ ಕಟ್ಟಿ ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪವೇ ಬಿಡುತ್ತಿರಬೇಕು. ಉರಿದ ಮೇಲೆ ಐದರಲ್ಲಿ ಒಂದು ಪಾಲಿನ ಹತ್ತಿರ ಬೂದಿ ಉಳಿಯುತ್ತದೆ, ಅದನ್ನು ಎಳೆಯುತ್ತಲೇ ಇರಬೇಕು. ಅಂದರೆ ಒಲೆಯ ಮುಂದೆ ಒಬ್ಬರು ಕೂರಲೇಬೇಕು. ಕಾಲ ಕಳೆದಂತೆ ಹೊಟ್ಟಿಗೆ ಬೇರೆ ಗಿರಾಕಿಗಳೂ ಬಂದರು. ಇಟ್ಟಿಗೆ ಗೂಡು, ಕಾರ್ಖಾನೆಯ ಬಾಯ್ಲರ್, ಹೊಟ್ಟನ್ನು ಒತ್ತಿ ಬ್ರಿಕೆಟ್ ಎಂಬ ಉರುವಲು ಗಟ್ಟಿ ಮಾಡುವವರು. ಮಿಲ್ಲಿನವರೂ ತಮ್ಮ ಬಾಯ್ಲರಿಗೆ ಅದನ್ನೇ ಹಾಕತೊಡಗಿದರು. ಒಂದು ಕಾಲಕ್ಕೆ ಎತ್ತಿಕೊಂಡು ಹೋದರೆ ಸಾಕು ಅನ್ನುವಂತಿದ್ದ ಹೊಟ್ಟಿಗೆ ಬೆಲೆ ಬಂತು.

ಆಗ ಭಟ್ಟಿಯ ಬಾಯಿಗೆ ಹಳೇ ಟೈರು ಬಂತು. ಲೆಕ್ಕ ಸರಳ. ಒಂದು ಕೆಜಿ ಹೊಟ್ಟಿನಲ್ಲಿ ಸುಮಾರು 3,000ದಿಂದ 3,500 ಕಿಲೋ ಕ್ಯಾಲರಿ ಶಾಖ. ಒಂದು ಕೆಜಿ ಟೈರಿನಲ್ಲಿ 7,500ಕ್ಕೂ ಜಾಸ್ತಿ. ತುಂಡು ಎಸೆದರೆ ಉರಿ ಭಗ್ಗನೆ ಏಳುತ್ತದೆ, ಮರಳು ಬೇಗ ಕಾಯುತ್ತದೆ. ದಿನಕ್ಕಿಷ್ಟು ಚೀಲ ಅಂತ ಕೂಲಿ ಇರುವ ಕಡೆ ಇದು ಎಷ್ಟು ದೊಡ್ಡ ಅನುಕೂಲ ನೋಡಿ. ಟೈರು ಸುಟ್ಟವರನ್ನು ಬೈಯುವುದು ಸುಲಭ. ನನಗೆ ಹಾಗೆ ಬೈಯಲು ಮನಸ್ಸು ಬರುವುದಿಲ್ಲ. ತಪ್ಪು ತಪ್ಪೇ, ಆದರೆ ಅವರು ಹುಡುಕುತ್ತಿದ್ದದ್ದು ಕೈಕೊಡದ ಬೆಂಕಿಯನ್ನು.

ಟೈರು ಬರೀ ರಬ್ಬರಲ್ಲ. ಅದರಲ್ಲಿ ಕಾರ್ಬನ್ ಬ್ಲಾಕ್ ಎಂಬ ಮಸಿಪುಡಿಯೇ ಕಾಲು ಭಾಗದಷ್ಟು ಇರುತ್ತದೆ. ರಬ್ಬರ್ ಗಟ್ಟಿಯಾಗಲು ಹಾಕಿದ ಗಂಧಕ, ಸತುವಿನ ಪುಡಿ, ಎಣ್ಣೆ, ಉಕ್ಕಿನ ತಂತಿ ಎಲ್ಲ ಇರುತ್ತವೆ. ಇದು ಪೂರ್ತಿ ಉರಿಯಬೇಕಾದರೆ ಮೂರು ಬೇಕು: ತುಂಬಾ ಹೆಚ್ಚು ಕಾವು, ಸಾಕಷ್ಟು ಹೊತ್ತು, ಚೆನ್ನಾಗಿ ಬೆರೆಯುವ ಗಾಳಿ. ಸಿಮೆಂಟ್ ಗೂಡಿನಲ್ಲಿ ಸುಣ್ಣದಕಲ್ಲು 1,450 ಡಿಗ್ರಿಯವರೆಗೆ ಕಾಯುತ್ತದೆ. ಅಲ್ಲಿ ಟೈರು ಹಾಕಿದರೆ ಅದು ಪೂರ್ತಿ ಉರಿದು, ತಂತಿಯೂ ಕ್ಲಿಂಕರಿನಲ್ಲಿ, ಅಂದರೆ ಆಮೇಲೆ ಪುಡಿಮಾಡಿ ಸಿಮೆಂಟ್ ಮಾಡುವ ಸುಟ್ಟ ಗಟ್ಟಿಯಲ್ಲಿ, ಸೇರಿಹೋಗುತ್ತದೆ. ಭಟ್ಟಿಯ ಒಲೆ ಹಾಗಲ್ಲ. ಎರಡು ಮಾರು ಉದ್ದದ ಮಣ್ಣಿನ ಗೂಡು, ಮೇಲೆ ತಣ್ಣನೆಯ ಅಕ್ಕಿ ಬೀಳುವ ಬಾಣಲೆ. ಉರಿ ಬಾಣಲೆಯ ತಳಕ್ಕೆ ತಾಗಿ ತಣ್ಣಗಾಗುತ್ತದೆ, ಅರ್ಧ ಉರಿದದ್ದು ಮಸಿಯಾಗಿ ಕೊಳವೆ ಸೇರುತ್ತದೆ. ನಮ್ಮ ಪಂಚೆಯ ಮೇಲಿನ ಜಿಡ್ಡು ಅದೇ. ಅದರಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಸೇರಿರುತ್ತವೆ.

ಹಾಗಾದರೆ ಕಾನೂನು ಏನು ಮಾಡುತ್ತಿತ್ತು? ನಮ್ಮ ದೇಶದಲ್ಲಿ ಕಾರ್ಖಾನೆಯ ಬಾಯ್ಲರ್ ಮೇಲೆ ಕಣ್ಣಿಡುವ ಕಾನೂನು ಹುಟ್ಟಿದ್ದು ಸ್ಫೋಟದಿಂದ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಒಡೆದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದು 1923ರಲ್ಲಿ. ಅದರ ಜಾಗಕ್ಕೆ ಹೊಸ ಬಾಯ್ಲರ್ ಕಾಯ್ದೆ ಬಂದದ್ದು 2025ರಲ್ಲಿ. ಆ ಕಾಯ್ದೆ ನೋಡುವುದು ಆವಿಯ ಒತ್ತಡವನ್ನು. ಹಾಗಾಗಿ ರೈಸ್ ಮಿಲ್ಲಿನ ಬಾಯ್ಲರಿಗೆ ಇನ್‌ಸ್ಪೆಕ್ಟರ್ ಬರುತ್ತಾರೆ, ಸರ್ಟಿಫಿಕೇಟ್ ಬೇಕು, ಸೇಫ್ಟಿ ವಾಲ್ವ್ ಸರಿಯಿರಬೇಕು. ಮಂಡಕ್ಕಿ ಭಟ್ಟಿಯಲ್ಲಿ ಒತ್ತಡವೇ ಇಲ್ಲ. ಅದು ಆ ಲೆಕ್ಕಕ್ಕೇ ಬರಲಿಲ್ಲ. ಹೊಗೆಗೆ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದು ತಡವಾಗಿ, 1981ರ ವಾಯು ಕಾಯ್ದೆಯಲ್ಲಿ. ಇಂಥದ್ದನ್ನು ಸುಡಬಾರದು ಅಂತ ಹೇಳುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಆದರೆ ಮನೆಯ ಹಿತ್ತಲಲ್ಲೇ ಇರುವ, ನಸುಕಿನಲ್ಲಿ ಹೊತ್ತುವ ಒಲೆಗಳನ್ನು ದಿನಾ ಯಾರು ನೋಡಬೇಕು?

ಮಿಲ್ಲಿನ ಬಾಯ್ಲರ್ ನಡೆಸುವವರ ಹತ್ತಿರ ಕೂತು ಮಾತಾಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಅವರ ಪಾಲಿಗೆ ಹೊಗೆಯ ತೊಂದರೆ, ರಿಪೇರಿಯ ತೊಂದರೆ ಬೇರೆ ಬೇರೆಯಲ್ಲ. ಟ್ಯೂಬಿಗೆ ಮಸಿ ಕಟ್ಟಿದರೆ ಶಾಖ ನೀರಿಗೆ ಹೋಗದೆ ಚಿಮಣಿಗೆ ಹೋಗುತ್ತದೆ. ಚಿಮಣಿಯ ಗಾಳಿ 22 ಡಿಗ್ರಿ ಜಾಸ್ತಿ ಬಿಸಿಯಾದರೆ ದಕ್ಷತೆ ಹತ್ತಿರಹತ್ತಿರ ಶೇ 1ರಷ್ಟು ಇಳಿಯಿತು ಅಂತಲೇ ಲೆಕ್ಕ. ಬೋರ್‌ವೆಲ್ಲಿನ ಗಡಸು ನೀರು ಹಾಗೇ ಬಿಟ್ಟರೆ ಒಳಗೆ ಕಲ್ಲುಪೊರೆ ಕಟ್ಟುತ್ತದೆ, ಟ್ಯೂಬು ಕಾದು ಉಬ್ಬಿ ಒಡೆಯುತ್ತದೆ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನದೇ ಜಾತಿ. ಅದು ಹಾರುತ್ತ ಫ್ಯಾನಿನ ರೆಕ್ಕೆಯನ್ನು, ಟ್ಯೂಬಿನ ತಿರುವನ್ನು ಉಜ್ಜಿ ತೆಳ್ಳಗೆ ಮಾಡುತ್ತದೆ. ಅದನ್ನು ಹಿಡಿಯಲು ಸೈಕ್ಲೋನ್ ಕೂರಿಸುತ್ತಾರೆ. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಕೆಳಗೆ ಬೀಳಿಸುವ ಡಬ್ಬಿ ಅದು. ಸಣ್ಣ ಧೂಳು ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಬಟ್ಟೆಚೀಲದ ಫಿಲ್ಟರ್ ಬೇಕು. ಆದರೆ ಹಸಿ ಹೊಟ್ಟು ಹಾಕಿ ಡಾಂಬರಿನಂಥ ಹೊಗೆ ಬಂದರೆ ಚೀಲ ಮೆತ್ತಿಕೊಳ್ಳುತ್ತದೆ, ಕಿಡಿ ಹಾರಿದರೆ ತೂತಾಗುತ್ತದೆ. ಫಿಲ್ಟರ್ ಕಟ್ಟಿದರೆ ಗಾಳಿಯ ಎಳೆತ ನಿಲ್ಲುತ್ತದೆ, ಬೆಂಕಿ ಕುಂದುತ್ತದೆ. ಆಗ ಗಿರಣಿಯವರು ಮೊದಲು ಮಾಡುವ ಕೆಲಸ ಫಿಲ್ಟರನ್ನು ಬಿಟ್ಟು ಹೊಗೆಯನ್ನು ನೇರ ಹೊರಗೆ ಕಳಿಸುವುದು. ಒಲೆಯೊಳಗೇ ಚೆನ್ನಾಗಿ ಉರಿಸದೆ ಕೊನೆಯಲ್ಲಿ ಜರಡಿ ಹಿಡಿಯಲು ಹೋದರೆ ಹೀಗೇ ಆಗುವುದು.

ಒಲೆಯನ್ನೇ ಸರಿಮಾಡುವ ದಾರಿ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ, ಹಳ್ಳಿಯ ಮನೆಗಳಿಗಾಗಿ ಅಸ್ತ್ರ ಒಲೆ ರೂಪಿಸಿತು. ಸೌದೆಯ ಕೆಳಗೆ ಕಂಬಿ ಜಾಲರಿ, ಗಾಳಿಗೆ ಅಳತೆಯ ದಾರಿ, ಪಾತ್ರೆಗೆ ಸರಿಯಾಗಿ ತಾಗುವ ಉರಿ, ಆಮೇಲೆ ಹೊಗೆಗೆ ಕೊಳವೆ. ಅಷ್ಟೇ ಬದಲಾವಣೆ. ಅದರಿಂದ ಸೌದೆ ಎಷ್ಟೋ ಉಳಿಯಿತು, ಅಡುಗೆಮನೆಯ ಹೊಗೆ ಹೊರಗೆ ಹೋಯಿತು. ಮಂಡಕ್ಕಿ ಭಟ್ಟಿಗೂ ಇದೇ ಬುದ್ಧಿ ಬೇಕು. ಹೊಟ್ಟು ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುವ ಹಾಪರ್, ಮೆಟ್ಟಿಲು ಜಾಲರಿ, ಉರಿಯ ಮೇಲ್ಭಾಗಕ್ಕೆ ಎರಡನೇ ಸಲ ಗಾಳಿ ಬಿಡುವ ತೂತುಗಳು, ಬೆಂಕಿ ನಿಲ್ಲಿಸದೆ ಬೂದಿ ಎಳೆಯುವ ಬಾಗಿಲು. ಇದರಲ್ಲಿ ಯಾವುದೂ ದೊಡ್ಡ ಯಂತ್ರವಲ್ಲ. ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಬಹುದು, ಕೆಟ್ಟರೆ ಅಲ್ಲೇ ರಿಪೇರಿ ಮಾಡಿಸಬಹುದು. ನನ್ನ ಪ್ರಕಾರ ಈ ಕೊನೆಯ ಮಾತೇ ಮುಖ್ಯ. ಭಟ್ಟಿ ಒಂದು ದಿನ ನಿಂತರೆ ಅವತ್ತಿನ ಕೂಲಿ ಇಲ್ಲ, ನೆನೆಸಿಟ್ಟ ಭತ್ತ ಹಾಳು. ಬಿಡಿಭಾಗಕ್ಕೆ ಬೇರೆ ಊರಿನವರನ್ನು ಕಾಯಬೇಕಾದ ಒಲೆ ಎಷ್ಟೇ ಶುದ್ಧವಾಗಿ ಉರಿದರೂ ಅದನ್ನು ಮೂಲೆಗೆ ಸರಿಸಿ ಹಳೇ ಒಲೆಗೆ ಮರಳುವುದು ಸಹಜ, ಅಲ್ವಾ?

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿ ಬಂದಾಗ ಅದರಲ್ಲಿ ದಾವಣಗೆರೆಯೂ ಇತ್ತು. ನಮ್ಮೂರಿನ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆಯೂ ಸೇರಿತ್ತು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಗಾಳಿಯ ಗುಣಮಟ್ಟ ಮಿತಿಯೊಳಗೆ ಇಲ್ಲದ ನಗರಗಳ ಪಟ್ಟಿ ಅದು. ಪಿಎಂ 10 ಎಂಬ ಧೂಳಿನ ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ದಾಟಬಾರದು. ರಸ್ತೆ ಧೂಳು, ವಾಹನ, ಕಟ್ಟಡ ಕೆಲಸ ಎಲ್ಲದರ ಪಾಲೂ ಅದರಲ್ಲಿದೆ, ಭಟ್ಟಿಯೊಂದರದೇ ತಪ್ಪಲ್ಲ. 2022ರಿಂದ ಟೈರು ಕಂಪನಿಗಳೇ ಹಳೇ ಟೈರಿನ ಮರುಬಳಕೆಯ ಹೊಣೆ ಹೊರಬೇಕು ಎಂಬ ನಿಯಮವೂ ಬಂದಿದೆ. ಹಳೇ ಟೈರಿಗೆ ಬೇರೆ ಕಡೆ ಒಳ್ಳೆಯ ಬೆಲೆ ಸಿಕ್ಕರೆ ಅದು ಒಲೆಗೆ ಬರುವುದು ತಾನಾಗಿಯೇ ಕಡಿಮೆಯಾಗುತ್ತದೆ. ನನಗೆ ಇದರ ಮೇಲೆ ಭರವಸೆ ಜಾಸ್ತಿ.

ಚಿಮಣಿಯನ್ನು ಎತ್ತರ ಮಾಡಿಸಿ ಅನ್ನುವ ಸಲಹೆ ಆಗಾಗ ಕೇಳಿಬರುತ್ತದೆ. ಅದರಿಂದ ಅಕ್ಕಪಕ್ಕದ ತಾರಸಿಯ ಹಪ್ಪಳ ಉಳಿಯಬಹುದು. ಒಳಗಿನ ಮಾತು ಬೇರೆ. ನಾನು ಹೋದ ಭಟ್ಟಿಯಲ್ಲಿ ಜರಡಿ ಹಿಡಿದು ನಿಂತಿದ್ದ ಅಕ್ಕ, ಒಲೆಯ ಬಾಯಿಂದ ಒಂದು ಮಾರು ದೂರದಲ್ಲೂ ಇರಲಿಲ್ಲ. ಉರುವಲು ತುರುಕಲು ಬಾಗಿಲು ತೆಗೆದಾಗಲೆಲ್ಲ ಹೊಗೆ ಕೊಳವೆಯನ್ನು ಬಿಟ್ಟು ಕೋಣೆಯೊಳಗೇ ತಿರುಗುತ್ತಿತ್ತು. ಆಗ ಅವರು ಸೆರಗಿನಿಂದ ಮೂಗು ಮುಚ್ಚಿ ಮುಖ ಆಚೆ ಹೊರಳಿಸುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಸೆರಗು ಸಿಕ್ಕಿಸಿಕೊಂಡು, ಇನ್ನೊಂದು ಚಿಟಿಕೆ ಅಕ್ಕಿ ಮರಳಿಗೆ ಎಸೆದು ನೋಡುತ್ತಿದ್ದರು.